ಹೋಗು ಅಂದರೂ ಹೋಗದ ಅಪ್ಪ

ಐರ್ಲೆಂಡಿನ ಸಣ್ಣ ಊರುಗಳಲ್ಲಿ ಚಳಿಗಾಲ ಕಳೆಯುವ ಹೊತ್ತಿಗೆ ಯಾರು ಯಾರೆಂಬುದರಲ್ಲೇ ಒಂದಿಷ್ಟು ಗೊಂದಲ ಶುರುವಾಗುತ್ತದೆ. ಔಷಧಿ ಅಂಗಡಿಯ ಮೃದುಭಾಷಿ ಹೆಂಗಸು ಸಿಡುಕು ತಾಯಿಯಾಗುತ್ತಾಳೆ. ಗಣಿತದ ಮೇಷ್ಟ್ರು ಮಗನಾಗಿ ಅಪ್ಪನ ಮೇಲೆ ಹರಿಹಾಯುತ್ತಾರೆ. ಬೆಳಿಗ್ಗೆ ತಾನೇ ನಮ್ಮ ಮನೆಗೆ ಕಾಗದ ಹಾಕಿಹೋದ ಪೋಸ್ಟ್‌ಮ್ಯಾನ್ ರಾತ್ರಿ ಎಂಟಕ್ಕೆಲ್ಲ ಸತ್ತುಹೋಗಿರುತ್ತಾನೆ. ಸತ್ತವನು ಸುಮ್ಮನಿರದೆ ಎದ್ದುಬಂದು, ತನ್ನ ಕುರ್ಚಿಯಲ್ಲೇ ಕೂತು ಮಾತಿಗೆ ಶುರುಹಚ್ಚುತ್ತಾನೆ.

ಮಾರ್ಚ್ ಬಂತೆಂದರೆ ಅಲ್ಲಿ ಹವ್ಯಾಸಿ ನಾಟಕೋತ್ಸವಗಳ ಸುಗ್ಗಿ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಹಿಂದೆ ಕುಣಿತಕ್ಕೆ ತಡೆಯಿತ್ತು, ನಾಟಕಕ್ಕೆ ಇರಲಿಲ್ಲ. ಕಾಲು ಕಟ್ಟಿಹಾಕಿದರೆ ಬಾಯಿಗೆ ಕೆಲಸ ಕೊಡುವ ಜನ ಅವರು. ತಂಡಗಳು ಅಡುಗೆಮನೆಯ ಸೆಟ್ಟನ್ನು ವ್ಯಾನಿಗೆ ತುಂಬಿಕೊಂಡು ಊರೂರು ತಿರುಗಿ ಅಂಕ ಗಳಿಸುತ್ತವೆ. ಹೆಚ್ಚು ಅಂಕ ಬಂದ ಒಂಬತ್ತು ತಂಡಗಳಿಗೆ ಶಾನನ್ ನದಿಯ ದಡದ ಅಥ್ಲೋನ್‌ನಲ್ಲಿ ಕೊನೆಯ ಸುತ್ತು. ಅಥ್ಲೋನ್‌ನ ಈ ಉತ್ಸವ ಶುರುವಾದದ್ದು 1953ರಲ್ಲಿ.

ಹವ್ಯಾಸಿಗಳೆಂದರೆ ಮೂಗು ಮುರಿಯುವವರಿಗೆ ಅಲ್ಲಿಯವರು ಹೇಳುವ ಕಥೆಯೊಂದಿದೆ. ಕೆರಿ ಸೀಮೆಯ ಲಿಸ್ಟೋವೆಲ್‌ನಲ್ಲಿ ಪಬ್ ನಡೆಸುತ್ತಿದ್ದ ಜಾನ್ ಬಿ. ಕೀನ್ ತನ್ನ ‘ಸೈವ್’ ನಾಟಕವನ್ನು ಐರ್ಲೆಂಡಿನ ರಾಷ್ಟ್ರೀಯ ರಂಗಮಂದಿರವಾದ ಡಬ್ಲಿನ್ನಿನ ಆ್ಯಬಿ ಥಿಯೇಟರಿಗೆ ಕಳಿಸಿದ. ದೊಡ್ಡವರು ಬೇಡವೆಂದರು. ಊರಿನ ತಂಡವೇ ಅದನ್ನಾಡಿ 1959ರಲ್ಲಿ ಅಥ್ಲೋನ್‌ನಲ್ಲಿ ಗೆದ್ದಿತು. ಆಮೇಲೆ ಅದೇ ಆ್ಯಬಿ ಅದೇ ತಂಡವನ್ನು ಕರೆಸಿ ತನ್ನ ರಂಗದ ಮೇಲೆ ಆಡಿಸಿತು. ಅಷ್ಟಕ್ಕೂ ಆ್ಯಬಿಯ ಬೇರಿರುವುದೂ ಹವ್ಯಾಸಿಗಳಲ್ಲೇ. ಅದಕ್ಕೆ ನಟರನ್ನು ತಯಾರು ಮಾಡಿಕೊಟ್ಟ ಫೇ ಸಹೋದರರಲ್ಲಿ ಒಬ್ಬ ಎಲೆಕ್ಟ್ರಿಷಿಯನ್, ಇನ್ನೊಬ್ಬ ಗುಮಾಸ್ತ. 1902ರಲ್ಲಿ ಅವರ ಜೊತೆಗಿದ್ದ ಕವಿ ಜೇಮ್ಸ್ ಕಸಿನ್ಸ್ ಮುಂದೆ ಭಾರತಕ್ಕೆ ಬಂದ. ಇಂಗ್ಲಿಷಿನಲ್ಲಿ ಪದ್ಯ ಬರೆದುಕೊಂಡಿದ್ದ ತರುಣ ಕುವೆಂಪು ಅವರಿಗೆ 1924ರಲ್ಲಿ ಮೈಸೂರಿನಲ್ಲಿ ‘ನಿಮ್ಮ ಭಾಷೆಯಲ್ಲಿ ಬರೆಯಿರಿ’ ಎಂದು ಬುದ್ಧಿ ಹೇಳಿದವನು ಅವನೇ. ಆ ಸಲಿಗೆಯ ಮೇಲೆ ನಾನು ಐರ್ಲೆಂಡಿನ ನಮ್ಮೂರ ಚರ್ಚಿನ ಹಾಲಿನಲ್ಲಿ ಮೂರನೆಯ ಸಾಲಿನ ಕುರ್ಚಿ ಹಿಡಿದೆ.

ಆಡಿದ್ದು ಹ್ಯೂ ಲಿಯೊನಾರ್ಡ್ ಬರೆದ ‘ಡಾ’, ಅಂದರೆ ಅಲ್ಲಿಯವರ ಮಾತಿನಲ್ಲಿ ‘ಅಪ್ಪ’. 1973ರ ನಾಟಕ. ನ್ಯೂಯಾರ್ಕಿಗೂ ಹೋಗಿ 1978ರಲ್ಲಿ ಟೋನಿ ಪ್ರಶಸ್ತಿ ಹೊಡೆದುಕೊಂಡು ಬಂದಿದೆ. ಲಂಡನ್ನಿನಲ್ಲಿ ನೆಲೆಸಿದ ಮಗ ಚಾರ್ಲಿ ಸಾಕುತಂದೆಯ ಮಣ್ಣು ಮುಗಿಸಿ, ಹಳೆಯ ಕಾಗದಗಳನ್ನು ಸುಟ್ಟು, ಬಾಗಿಲಿಗೆ ಬೀಗ ಹಾಕಿ ಹೊರಡಬೇಕು. ಇರುವುದು ಅಷ್ಟೇ ಕೆಲಸ. ಅಪ್ಪ ಬಿಡಬೇಕಲ್ಲ! ಬದುಕಿದ್ದಾಗ ಹೇಗೆ ಕೊರೆಯುತ್ತಿದ್ದನೋ ಸತ್ತ ಮೇಲೂ ಹಾಗೆಯೇ. ‘ಹೋಗು’ ಎಂದರೆ ಹೋಗುವುದಿಲ್ಲ. ಬೈದರೆ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಾಲದ್ದಕ್ಕೆ ಹರೆಯದ ಚಾರ್ಲಿಯೂ ರಂಗಕ್ಕೆ ಬಂದು, ನಡುವಯಸ್ಸಿನ ತನ್ನನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ.

ಈ ಅಪ್ಪ ಜೀವಮಾನವೆಲ್ಲ ಸಿರಿವಂತರೊಬ್ಬರ ಮನೆಯಲ್ಲಿ ತೋಟದ ಮಾಲಿಯಾಗಿದ್ದವನು. ಬಿಡುಗಡೆಯ ಹೊತ್ತಿಗೆ ಒಡೆಯರ ಮನೆಯವರು ಪುಡಿಗಾಸಿನ ಜೊತೆಗೊಂದು ಉಡುಗೊರೆ ಕೊಡುತ್ತಾರೆ: ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದ ಬೆಂಕಿಗೆ ಕರಗಿ ಒಂದಕ್ಕೊಂದು ಮೆತ್ತಿಕೊಂಡ ಕನ್ನಡಕಗಳ ಮುದ್ದೆ. ಹೆಂಡತಿಗೆ ಮೈ ಉರಿಯುತ್ತದೆ. ಅಪ್ಪನಿಗೆ ಮಾತ್ರ ಕೋಹಿನೂರ್ ಸಿಕ್ಕಷ್ಟು ಹಿಗ್ಗು. ಇಷ್ಟು ಕ್ರೂರವಾದ ತಮಾಷೆಯನ್ನು ನಾನು ಇನ್ನೊಂದು ನಾಟಕದಲ್ಲಿ ಕಂಡಿಲ್ಲ. ನಗು ಗಂಟಲಿಗೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಆ ಮುದ್ದೆಯನ್ನು ತರುವುದೆಲ್ಲಿಂದ? ತಂಡದವರು ದಿನಸಿ ಅಂಗಡಿಯಲ್ಲಿ ರಟ್ಟಿನ ಡಬ್ಬಿಯಿಟ್ಟು, ಹಳೆಯ ಕನ್ನಡಕ ಇದ್ದವರು ಹಾಕಿ ಎಂದು ಬರೆದಿದ್ದರು. ಡಬ್ಬಿ ತುಂಬಿತು. ಗ್ಯಾರೇಜಿನ ಹುಡುಗ ಅವನ್ನೆಲ್ಲ ಬಿಸಿಗಾಳಿಗೆ ಹಿಡಿದು ಬಗ್ಗಿಸಿ, ಅಂಟು ಸುರಿದು, ಮಸಿ ಬಳಿದ. ನಾಟಕದಲ್ಲಿ ಅಪ್ಪ ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಾಗ ನನ್ನ ಪಕ್ಕದ ಅಜ್ಜಿ ಮೊಣಕೈಯಲ್ಲಿ ತಿವಿದು, “ಎಡಗಡೆ ದಪ್ಪ ಕಪ್ಪು ಫ್ರೇಮ್ ಕಾಣುತ್ತಲ್ಲ, ನಮ್ಮನೆಯವರದು” ಎಂದರು. ಅವರ ಯಜಮಾನರು ತೀರಿಕೊಂಡು ಆಗಲೇ ಬಹಳ ವರ್ಷ. ಅಜ್ಜಿಯ ಮುಖದಲ್ಲಿ ದುಃಖವೇನೂ ಇರಲಿಲ್ಲ, ಗಂಡನಿಗೂ ಒಂದು ಪಾರ್ಟು ಸಿಕ್ಕ ಸಮಾಧಾನವಿತ್ತು. ಎಷ್ಟು ದುಡ್ಡು ಸುರಿದರೂ ಕಂಪನಿ ನಾಟಕದವರಿಗೆ ಇಂಥ ಸಾಮಾನು ಸಿಕ್ಕದು.

ವಿರಾಮದಲ್ಲಿ ಟೀ, ಬಿಸ್ಕತ್ತು, ಆಮೇಲೆ ಲಾಟರಿ ಚೀಟಿ ಎತ್ತಿದರು. ಬಹುಮಾನ ಯಥಾಪ್ರಕಾರ ಪಾದ್ರಿಗಳಿಗೇ ಬಂತು.

ಅಪ್ಪನ ಪಾರ್ಟು ಮಾಡಿದ ಪೋಸ್ಟ್‌ಮ್ಯಾನ್ ಬಗ್ಗೆ ಒಂದು ಮಾತು ಹೇಳಲೇಬೇಕು. ಅವನು ಬಾಯಿ ತೆರೆಯುವ ಮೊದಲೇ ಹಾಲಿಗೆ ಹಾಲೇ ನಕ್ಕಿತ್ತು. ನಕ್ಕಿದ್ದು ಅಪ್ಪನನ್ನು ಕಂಡಲ್ಲ, ಸೈಕಲ್ಲಿಲ್ಲದ ಪೋಸ್ಟ್‌ಮ್ಯಾನ್‌ನನ್ನು ಕಂಡು. ಊರವರ ಮುಂದೆ ಆಡುವುದರ ಸುಖವೂ ಸಂಕಟವೂ ಅದೇ. ಸಿಳ್ಳೆ ನಟನಿಗೆ ಬಿತ್ತೋ ನೆಂಟನಿಗೆ ಬಿತ್ತೋ ತಿಳಿಯುವುದಿಲ್ಲ.

ಅದು ಇತ್ಯರ್ಥವಾದದ್ದು ಪರವೂರಿನ ಉತ್ಸವದಲ್ಲಿ. ಅವರ ಬಸ್ಸಿನಲ್ಲಿ ನಾನೂ ಹೋಗಿದ್ದೆ. ಅಲ್ಲಿ ಅವನು ರಂಗಕ್ಕೆ ಬಂದಾಗ ಒಂದು ಕೆಮ್ಮೂ ಇಲ್ಲ. ಹಾಲಿನ ನಡುವೆ ಸಣ್ಣ ದೀಪದ ಕೆಳಗೆ ತೀರ್ಪುಗಾರರು ಏನೋ ಗೀಚುತ್ತಿದ್ದರು. ಪೋಸ್ಟ್‌ಮ್ಯಾನ್ ಸ್ವಲ್ಪ ಹೊತ್ತು ತಡವರಿಸಿದ. ಆಮೇಲೆ ನಗುವಿಗಾಗಿ ಕಾಯುವುದನ್ನೇ ಬಿಟ್ಟು, ನಿಜವಾಗಿಯೂ ಮಗನೊಬ್ಬನೇ ಎದುರಿಗಿದ್ದಾನೆ ಎಂಬಂತೆ ಮಾತಾಡತೊಡಗಿದ. ನಗು ತಾನಾಗಿ ಬಂತು, ಕೊನೆಯ ಸಾಲಿನಿಂದ ಮೊದಲಾಗಿ. ಚಾರ್ಲಿ ಬೀಗ ಹಾಕಿ ಹೊರಟಾಗ ಅಪ್ಪ ಬೆನ್ನಿಗೇ ಹೊರಟನಲ್ಲ, ಆಗ ಅವನು ನಮ್ಮೂರವನು ಎಂಬುದನ್ನೇ ನಾನು ಮರೆತಿದ್ದೆ.

ಅಲ್ಲಿಯ ಪದ್ಧತಿಯಂತೆ ತೀರ್ಪುಗಾರರು ಪರದೆ ಬಿದ್ದ ಮೇಲೆ ರಂಗವೇರಿ, ಎಲ್ಲರೆದುರಿಗೇ ನಾಟಕವನ್ನು ಬಿಚ್ಚಿ ಹರಡಿದರು. ತಾಯಿಯ ಸಿಡುಕು ಚೆನ್ನ, ಬೆಳಕು ಸ್ವಲ್ಪ ಮಂಕು, ಅಪ್ಪನ ಮೊದಲ ಹತ್ತು ನಿಮಿಷ ಸಪ್ಪೆ. ಬಾಯ್ತುಂಬ ಹೊಗಳಿಸಿಕೊಂಡದ್ದು ಕನ್ನಡಕದ ಮುದ್ದೆ. ನಮ್ಮ ಪೋಸ್ಟ್‌ಮ್ಯಾನ್ ಅದರ ಮೇಲೆ ಹಲ್ಲು ಕಡಿಯುತ್ತ ಇಡೀ ವಾರ ಊರಿಗೆಲ್ಲ ಕಾಗದ ಹಂಚಿದ.