ಮುಧೋಳ ನಾಯಿ ಮನೆಗೂ ಸೈ

ಮುಧೋಳ ನಾಯಿ ಬೇಟೆಗೆ ಮಾತ್ರ ಸರಿ, ಮನೆಗಲ್ಲ ಅಂತ ಬರೆದಿದ್ದೀರಿ. ನಾನು ಒಪ್ಪಲ್ಲ. ಕಲಬುರಗಿಯ ನಮ್ಮ ಮನೆಯಲ್ಲಿ ಒಂದು ಹೆಣ್ಣು ನಾಯಿ ಆರು ವರ್ಷದಿಂದ ಇದೆ. ಮಕ್ಕಳು ಕಿವಿ ಎಳೆದರೆ ಸುಮ್ನೆ ಎದ್ದು ಹೋಗುತ್ತದೆ. ಹೊಸಬರು ಮೈ ಮುಟ್ಟೋದು ಮಾತ್ರ ಅದಕ್ಕೆ ಸೇರಲ್ಲ. ಪಕ್ಕೆಲುಬು ನೋಡಿ ‘ರೊಟ್ಟಿ ಹಾಕಲ್ವಾ?’ ಅಂತ ಓಣಿಯವರು ಕೇಳುತ್ತಾರೆ! ಅದರ ಮೈಕಟ್ಟೇ ಹಾಗೆ, ಓಡೋಕೆ ಹುಟ್ಟಿದ್ದು. ಮೈಯಲ್ಲಿ ಕೊಬ್ಬು ಕಡಿಮೆ. ಶಹಾಬಾದ್ ಕಲ್ಲಿನ ನೆಲದ ಮೇಲೆ ಮಲಗಿ ಮಲಗಿ ಮೊಣಕೈ ಗಾಯವಾಗಿತ್ತು. ಅವ್ವನ ಹಳೇ ಕೌದಿ ಹಾಸಿದ ಮೇಲೆ ವಾಸಿಯಾಯಿತು. ಬೇಸಿಗೆಯಲ್ಲಿ ಬೆಳಗ್ಗೆ 5 ಗಂಟೆಗೇ ಓಡಿಸಿ ತರುತ್ತೇವೆ, ಬಿಸಿಲೇರಿದರೆ ಅಂಗಾಲು ಸುಡುತ್ತದೆ. ಹಗ್ಗ ಮಾತ್ರ ಬಿಚ್ಚಬೇಡಿ. ಆಡು, ಬೆಕ್ಕು ಕಣ್ಣಿಗೆ ಬಿತ್ತೋ, ಮುಗೀತು. ಎಷ್ಟು ಕೂಗಿದರೂ ತಿರುಗಿ ನೋಡಲ್ಲ.