ಪಣಂಬೂರಿನಲ್ಲಿ ಕೊನೆಗಳಿಗೆಯ ಕ್ರೂಸ್ ಟಿಕೆಟ್: ಸ್ಪಷ್ಟನೆ

ಪಣಂಬೂರಿನ ನವ ಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ (ಪ್ರವಾಸಿಗರ ವಿಹಾರದ) ಹಡಗು ಬಂದ ದಿನ ಪಾಸ್‌ಪೋರ್ಟ್ ಹಿಡಿದು ಗೇಟಿಗೆ ಹೋದರೆ ಖಾಲಿ ಕ್ಯಾಬಿನ್ (ಹಡಗಿನ ಕೋಣೆ) ಅರ್ಧ ಬೆಲೆಗೆ ಸಿಗುತ್ತದೆ ಎಂಬ ಸಂದೇಶವನ್ನು ಪರಿಶೀಲಿಸದೆ ನಾನೂ ಕೆಲವರಿಗೆ ಕಳುಹಿಸಿದ್ದೆ. ಆ ಮಾಹಿತಿ ತಪ್ಪು.

ಈ ಹಡಗುಗಳು ಇಲ್ಲಿ ಸಾಮಾನ್ಯವಾಗಿ ಹಗಲಿನ ಕೆಲವು ಗಂಟೆ ಮಾತ್ರ ನಿಲ್ಲುತ್ತವೆ. ಅವುಗಳಲ್ಲಿ ಬರುವವರು ಬೇರೆ ಬಂದರಿನಲ್ಲಿ ಹತ್ತಿ, ಮೂಡುಬಿದಿರೆಯ ಸಾವಿರ ಕಂಬದ ಬಸದಿಯಂಥ ತಾಣಗಳನ್ನು ನೋಡಿ ಸಂಜೆಯೊಳಗೆ ಹಡಗಿಗೆ ಮರಳುವ ಪ್ರವಾಸಿಗರು. ಬಂದರು ಭದ್ರತಾ ವಲಯವಾಗಿದ್ದು, ಅದರ ಗೇಟಿನಲ್ಲಿ ಟಿಕೆಟ್ ಮಾರುವ ವ್ಯವಸ್ಥೆಯೇ ಇಲ್ಲ.

ಕೊನೆಗಳಿಗೆಯ ರಿಯಾಯಿತಿ ಎಂಬುದು ಇರುವುದು ನಿಜ, ಆದರೆ ಅದರ ಅರ್ಥ ಬೇರೆ. ಕ್ರೂಸ್ ಕಂಪನಿಗಳು ಪೂರ್ಣ ಹಣ ಪಾವತಿಗೆ ಹೆಚ್ಚಾಗಿ ಪ್ರಯಾಣಕ್ಕೆ 60ರಿಂದ 120 ದಿನ ಮುಂಚಿನ ಗಡುವು ಇಡುತ್ತವೆ. ಆ ಹೊತ್ತಿಗೆ ರದ್ದಾದ ಅಥವಾ ಮಾರಾಟವಾಗದೆ ಉಳಿದ ಕ್ಯಾಬಿನ್‌ಗಳ ದರ ನಂತರದ ವಾರಗಳಲ್ಲಿ ಇಳಿಯಬಹುದು. ನಮ್ಮವರಿಗೆ ನಿಜವಾದ ತೊಡಕು ವೀಸಾ: ಉದಾಹರಣೆಗೆ, ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾದ ನಿರ್ಧಾರಕ್ಕೇ ಸಾಮಾನ್ಯವಾಗಿ 15 ದಿನ, ಕೆಲವೊಮ್ಮೆ 45 ದಿನ ಬೇಕಾಗುವುದರಿಂದ, ಪ್ರಯಾಣಕ್ಕೆ ಒಂದು ವಾರ ಮುಂಚೆ ಕಂಡ ಅಗ್ಗದ ದರ ವೀಸಾ ಇಲ್ಲದವರಿಗೆ ಉಪಯೋಗಕ್ಕೆ ಬಾರದು. ಪ್ರಕಟಿತ ದರವೂ ಸಾಮಾನ್ಯವಾಗಿ ಇಬ್ಬರು ಒಂದೇ ಕ್ಯಾಬಿನ್ ಹಂಚಿಕೊಂಡಾಗ ಒಬ್ಬರಿಗೆ ತಗಲುವ ದರ.

ಉಡುಪಿ, ಕುಂದಾಪುರದಿಂದ ಯಾರೂ ವೃಥಾ ಪಣಂಬೂರಿಗೆ ಬರುವಂತಾಗಬಾರದು. ದಯವಿಟ್ಟು ಆ ಸಂದೇಶವನ್ನು ಇನ್ನು ಯಾರಿಗೂ ಕಳುಹಿಸಬೇಡಿ.