ಆರು ಗಂಟೆಯ ಮಲೆನಾಡು

ನಮ್ಮ ತಂಗಿ ಮಗ ಹೈದರಾಬಾದಿನಿಂದ ಗೋವಾಕ್ಕೆ ನೆಟ್ಟಗೆ ಹೋಗಬಹುದಿತ್ತು. ಎಂಟುನೂರು ರೂಪಾಯಿ ಉಳಿಯುತ್ತದೆ ಅಂತ ಶಿವಮೊಗ್ಗದ ಮೇಲೆ ಹಾದು ಹೋಗುವ ಹಾಗೆ ಎರಡು ಟಿಕೆಟ್ ಮಾಡಿಸಿಕೊಂಡ. ಎರಡರ ನಡುವೆ ಆರು ಗಂಟೆ. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು, ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಬೇರೆ ಹಾಕಿದ: ‘ಶಿವಮೊಗ್ಗದಲ್ಲಿ ಆರು ಗಂಟೆ ಲೇಓವರ್. ಎಂತ ಮಾಡಬಹುದು?’

ಐದು ನಿಮಿಷಕ್ಕೆ ಭದ್ರಾವತಿ ಚಿಕ್ಕಪ್ಪನ ಫೋನು. ಧ್ವನಿ ತಗ್ಗಿಸಿ, ‘ಎಂತ ಮಾರಾಯಾ, ಹುಡುಗನಿಗೆ ಲೇಆಫ್ ಆಯ್ತಂತೆ?’

ಅವರನ್ನು ನೋಡಿ ನಗುವ ಹಾಗಿಲ್ಲ. 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆ 2015ರಲ್ಲಿ ಯಂತ್ರ ನಿಲ್ಲಿಸಿದ ಊರು ಅದು. ಪಕ್ಕದ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್‌ನಲ್ಲಿ ಮೊದಲ ಸಲ ಕಬ್ಬಿಣ ಕರಗಿದ್ದು 1923ರ ಜನವರಿಯಲ್ಲಿ, ಮುಚ್ಚುತ್ತೇವೆ ಅನ್ನುವ ಸುದ್ದಿ ಬಂದದ್ದು 2023ರ ಜನವರಿಯಲ್ಲಿ. ಶತಮಾನೋತ್ಸವದ ಉಡುಗೊರೆ. ಅಲ್ಲಿಯವರಿಗೆ ‘ಲೇ’ ಅಂದರೆ ಸಾಕು, ಉಳಿದದ್ದನ್ನು ಅವರೇ ಪೂರ್ತಿ ಮಾಡಿಕೊಳ್ಳುತ್ತಾರೆ. ಒಂದು ವಿಮಾನ ಇಳಿದು ಇನ್ನೊಂದು ಹತ್ತುವ ತನಕ ಕಾಯುವುದಕ್ಕೆ ಹಾಗೆ ಹೇಳುತ್ತಾರೆ ಚಿಕ್ಕಪ್ಪ, ಅಂತ ಬಿಡಿಸಿ ಹೇಳಿದೆ. ‘ಓ, ಬೀರೂರಲ್ಲಿ ಗಾಡಿ ಬದಲಾಯಿಸೋದು’ ಅಂದರು. ಆದರೂ ಪೂರ್ತಿ ನಂಬಿದ ಹಾಗೆ ಕಾಣಲಿಲ್ಲ.

ಅಷ್ಟರಲ್ಲಿ ಗುಂಪಿನಲ್ಲಿ ಸಂತೆ ನೆರೆದಿತ್ತು. ಸಿಂಗಪುರದ ಚಾಂಗಿಯಲ್ಲಿ ಐದೂವರೆ ಗಂಟೆಗಿಂತ ಹೆಚ್ಚು ಕಾಯುವವರಿಗೆ ಬಿಟ್ಟಿಯಾಗಿ ಊರು ತೋರಿಸುತ್ತಾರಂತೆ, ಕಟ್ಟಡದೊಳಗೇ 40 ಮೀಟರಿನ ಜಲಪಾತ ಇದೆಯಂತೆ, ಅಂತ ಒಬ್ಬರು ಹಾಕಿದರು. ಸಾಗರದ ಅತ್ತೆಗೆ ಸಿಟ್ಟು ಬಂತು. ನಮ್ಮ ಜೋಗ 253 ಮೀಟರ್! ನಿಜ. ಆದರೆ ಅದು ಶಿವಮೊಗ್ಗದಿಂದ ನೂರು ಕಿಲೋಮೀಟರ್ ಆಚೆ ಇದೆ, ಅದರ ನಲ್ಲಿ ಲಿಂಗನಮಕ್ಕಿ ಅಣೆಕಟ್ಟಿನಲ್ಲಿದೆ. ‘ಇಲ್ಲೇ ಹತ್ರ, ನೋಡ್ಕೊಂಡು ಬರ್ಲಿ’ ಅಂತ ಅತ್ತೆ.

ಈ ‘ಇಲ್ಲೇ’ ಬಗ್ಗೆ ಹೊರಗಿನವರಿಗೆ ಎಚ್ಚರಿಕೆ ಹೇಳಲೇಬೇಕು. ಮಲೆನಾಡಿನಲ್ಲಿ ‘ಇಲ್ಲೇ’ ಅಂದರೆ ಎರಡು ಗುಡ್ಡ. ‘ಇಲ್ಲೇ ಹತ್ರ’ ಅಂದರೆ ಎರಡು ಗುಡ್ಡ, ಒಂದು ಹಳ್ಳ. ‘ಹತ್ತು ನಿಮಿಷ ಅಷ್ಟೇ’ ಅಂದರೆ ಬುತ್ತಿ ಕಟ್ಟಿಕೊಳ್ಳಿ. ತೀರ್ಥಹಳ್ಳಿ ದೊಡ್ಡಮ್ಮ ಕಡುಬಿಗೆ ಅಕ್ಕಿ ನೆನೆಸಿಯೇಬಿಟ್ಟರು. ಅಲ್ಲಿಂದ ಕುಪ್ಪಳಿ ಇಲ್ಲೇ, ಆಗುಂಬೆ ಇಲ್ಲೇ. ಎಲ್ಲರ ‘ಇಲ್ಲೇ’ ಕೂಡಿಸಿದೆ: ಹುಡುಗ ಆರು ಗಂಟೆಯಲ್ಲಿ ನಾನೂರು ಕಿಲೋಮೀಟರ್ ತಿರುಗಿ, ನಾಲ್ಕು ಊಟ ಮಾಡಿ, ಒಂದು ಜಾತಕ ನೋಡಿ ವಾಪಸಾಗಬೇಕಿತ್ತು.

ಆರು ಗಂಟೆ ಕಾಯುವವನ ಮೇಲೆ ಅತ್ತೆಗೆ ಮಾತ್ರ ಮರುಕ ಹುಟ್ಟಲಿಲ್ಲ. ಅವರ ತವರು ಶರಾವತಿ ಹಿನ್ನೀರಿನ ಕೆಳಗಿದೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಮುಳುಗಡೆಯಾಗಿ ಎದ್ದು ಹೋದವರಲ್ಲಿ ಎಷ್ಟೋ ಮನೆಯವರು ಉಳುವ ನೆಲದ ಹಕ್ಕುಪತ್ರಕ್ಕೆ ಇವತ್ತಿಗೂ ಕಚೇರಿ ಬೆಂಚಿನ ಮೇಲೆ ಕೂತಿದ್ದಾರೆ. ಆ ಬೆಂಚಿಗೆ ‘ಲೌಂಜ್’ ಅನ್ನುವ ಹೆಸರಿಲ್ಲ, ಕಾಫಿಯೂ ಇಲ್ಲ. ಹಿನ್ನೀರಿನ ಆಚೆಯ ಸಿಗಂದೂರು ದೇವಿಯ ಗುಡಿಗೆ ಹೋಗುವವರು 2025ರ ಜುಲೈ 14ರಂದು ಸೇತುವೆ ತೆರೆಯುವವರೆಗೆ ಅಂಬಾರಗೋಡ್ಲಿನ ದಡದಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದರು. ಅದನ್ನು ಲೇಓವರ್ ಅಂತ ಯಾರೂ ಕರೆಯಲಿಲ್ಲ. ‘ಲಾಂಚು ಆಚೆ ಹೋಗಿದೆ’ ಅಂತಿದ್ದರು, ಕಡಲೆ ತಿನ್ನುತ್ತಿದ್ದರು.

ವಿಮಾನ ನಿಲ್ದಾಣವೂ ಈ ಮಣ್ಣಿನದೇ ಕೂಸು ನೋಡಿ. 2023ರ ಫೆಬ್ರವರಿ 27ರಂದು, ಯಡಿಯೂರಪ್ಪನವರ ಎಂಬತ್ತನೇ ಹುಟ್ಟುಹಬ್ಬದ ದಿನವೇ, ಪ್ರಧಾನಿ ಬಂದು ಉದ್ಘಾಟನೆ ಮಾಡಿದರು. ಮೊದಲ ಪ್ರಯಾಣಿಕರ ವಿಮಾನ ಇಳಿದದ್ದು ಆಗಸ್ಟ್ 31ಕ್ಕೆ. ಟರ್ಮಿನಲ್ಲು ಕಮಲದ ಆಕಾರದ್ದು. ಆರು ತಿಂಗಳು ಕಮಲ ಅರಳಿಕೊಂಡೇ ನಿಂತಿತ್ತು, ದುಂಬಿ ಬರಲಿಲ್ಲ. ರನ್‌ವೇ 3,200 ಮೀಟರ್ ಉದ್ದ, 45 ಮೀಟರ್ ಅಗಲ. ಏರ್‌ಬಸ್ಸೇ ಇಳಿಯಬಹುದಾದ ಜಾಗ; ಬಂದದ್ದು ಪಂಖದ ಸಣ್ಣ ವಿಮಾನ. ಲೆಕ್ಕ ಹಾಕಿದರೆ ಮೂವತ್ತೈದು ಎಕರೆಯ ಅಂಗಳ. ಬೇಯಿಸಿದ ಅಡಿಕೆ ಹರವುವುದಕ್ಕೆ ಜಿಲ್ಲೆಯಲ್ಲಿ ಇಷ್ಟು ಬಿಸಿಲು ಬೀಳುವ, ಇಷ್ಟು ಚೊಕ್ಕವಾದ ಜಾಗ ಇನ್ನೊಂದಿಲ್ಲ ಅಂತ ನಮ್ಮ ಕಡೆಯವರು ಆಗಲೇ ಕಣ್ಣಿಟ್ಟಿದ್ದರು.

ಹೆಸರು ಕುವೆಂಪು ಅವರದು. ವಿಶ್ವಮಾನವನ ಹೆಸರಿನ ನಿಲ್ದಾಣದಿಂದ ವಿಶ್ವಕ್ಕೆ ಹೋಗಬೇಕಾದರೆ ಮೊದಲು ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು ಅನ್ನುವುದು ಬೇರೆ ಮಾತು.

ಹುಡುಗ ಬಂದ. ಹನ್ನೊಂದು ಗಂಟೆ ದಾಟಿತ್ತು. ಮನೆಯಲ್ಲಿ ‘ಸೋಗಾನೆಗೆ ಹೋಗ್ತಾನೆ’ ಅಂದಾಗ ಅಜ್ಜಿ ಬೆಚ್ಚಿಬಿದ್ದಿದ್ದರು. ಅವರಿಗೆ ಸೋಗಾನೆ ಅಂದರೆ ಸೆಂಟ್ರಲ್ ಜೈಲು. ಈಗ ಅಲ್ಲಿ ಜೈಲು, ವಿಮಾನ ನಿಲ್ದಾಣ ಎರಡೂ ಇವೆ. ಒಳಗೆ ಹೋದವರ ಬಿಡುಗಡೆಯ ಹೊತ್ತು ಅವರ ಕೈಯಲ್ಲಿಲ್ಲ ಅನ್ನುವುದರಲ್ಲಿ ಹೆಚ್ಚು ವ್ಯತ್ಯಾಸವೂ ಇಲ್ಲ.

ಜೋಗಕ್ಕೆ ಟ್ಯಾಕ್ಸಿ ಬಾಡಿಗೆ ಕೇಳಿದಾಗ ಅವನು ಉಳಿಸಿದ್ದ ಎಂಟುನೂರು ನಾಚಿ ಜೇಬಿನ ಮೂಲೆಗೆ ಸರಿಯಿತು. ಸರಿ, ಸಕ್ರೆಬೈಲಿನ ಆನೆ ಬಿಡಾರಕ್ಕಾದರೂ ಹೋಗೋಣ ಅಂತ ನನ್ನ ಕಾರು ಹತ್ತಿದ. ನಾವು ಮುಟ್ಟುವ ಹೊತ್ತಿಗೆ ಸ್ನಾನ, ಊಟ ಎಲ್ಲ ಮುಗಿಸಿ ಆನೆಗಳು ಕಾಡಿಗೆ ಹೊರಟಾಗಿತ್ತು. ಇಡೀ ಜಿಲ್ಲೆಯಲ್ಲಿ ವೇಳಾಪಟ್ಟಿ ಪಾಲಿಸುವವು ಅವು ಮಾತ್ರ. ಗಾಜನೂರಿನ ತುಂಗೆಯನ್ನು ಮಳೆಯಲ್ಲಿ, ವೈಪರಿನ ಸಂದಿಯಿಂದ ನೋಡಿದ. ಪೇಟೆಯಲ್ಲಿ ಒಂದು ಮಸಾಲೆ ದೋಸೆ ತಿಂದ. ಎರಡು ಗಂಟೆ ಮೊದಲೇ ಬಂದಿರಬೇಕು ಅಂತ ಟಿಕೆಟ್ಟಿನಲ್ಲಿದೆ ಮಾವ, ಅಂತ ದೋಸೆಯ ಕೊನೆಯ ತುಂಡು ಬಾಯಲ್ಲಿದ್ದಾಗಲೇ ಎದ್ದ. ತೀರ್ಥಹಳ್ಳಿಯಿಂದ ಬಸ್ಸಿನವನ ಕೈಯಲ್ಲಿ ಬಂದಿದ್ದ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಕೈಚೀಲದಲ್ಲಿತ್ತು. ತಪಾಸಣೆಯಲ್ಲಿ ಅದನ್ನು ಬಿಡಲಿಲ್ಲ. ಮಿಡಿ ವಾಪಸ್ ನನ್ನ ಕಾರಿಗೆ ಬಂತು. ಈ ಇಡೀ ವ್ಯವಹಾರದಲ್ಲಿ ಲಾಭವಾದದ್ದು ನನಗೊಬ್ಬನಿಗೆ.

ನಾಲ್ಕೂವರೆಗೆ ಮೋಡ ಕವುಚಿಕೊಂಡಿತು. ಆಷಾಢದ ಮೋಡ, ಸೊಂಟದೆತ್ತರಕ್ಕೆ. ಗೋವಾದ ವಿಮಾನ ಮೇಲೆ ಗಿರಕಿ ಹೊಡೆಯುವ ಸದ್ದು ಕೇಳಿಸಿತಂತೆ; ಆಮೇಲೆ ಸದ್ದು ದೂರವಾಯಿತಂತೆ. ಮಗುವಿಗೆ ಚಂದಿರನನ್ನು ತೋರಿಸುವ ಹಾಗೆ ಎಲ್ಲರೂ ಕತ್ತೆತ್ತಿ ನಿಂತಿದ್ದರಂತೆ. ನಾಳೆ ಬನ್ನಿ ಅಂದರು.

ಗುಂಪಿನಲ್ಲಿ ಅವನು ‘ಲೇಓವರ್ ನಾಳೆಗೆ ಹೋಯ್ತು’ ಅಂತ ಹಾಕಿದ್ದೇ ತಡ, ಹಾಗಾದ್ರೆ ಜೋಗ ನೋಡ್ಕೊಂಡೇ ಹೋಗ್ಲಿ, ಇಲ್ಲೇ ಹತ್ರ, ಅಂತ ಅತ್ತೆ ಹಾಕಿದರು. ಅವನು ಹೋದದ್ದು ಭದ್ರಾವತಿಗೆ. ನಿಜವಾಗಿಯೂ ಹತ್ತಿರ ಇದ್ದದ್ದು ಅದೊಂದೇ.

ರಾತ್ರಿ ಒಂಬತ್ತಕ್ಕೆ ಚಿಕ್ಕಪ್ಪನ ಫೋನು ಬಂತು. ಹಿತ್ತಲಿಗೆ ಬಂದು ಮಾತಾಡುತ್ತಿದ್ದರು ಅಂತ ಕಾಣುತ್ತದೆ, ಕಪ್ಪೆ ಕೂಗುತ್ತಿತ್ತು.

‘ಊಟ ಮಾಡಿ ಮಲಗಿದ. ವಿಮಾನ ಇಳೀಲೇ ಇಲ್ಲ ಅಂತಾನೆ. ಅಲ್ಲ ಮಾರಾಯಾ, ನೀನಾದ್ರೂ ನಿಜ ಹೇಳು. ಕೆಲ್ಸ ಹೋಗಿಲ್ಲ ತಾನೆ?’